ಬೆನ್ನಿಗೆ ಹೊತ್ತು, ಬೆನ್ನಿಗೇ ಹಾಸಿ



ಬರುವ ಆಗಸ್ಟ್‌ನಲ್ಲಿ ನಮ್ಮ ಕೂಟದ ಏಳೆಂಟು ಮಂದಿ ಯೊಸೆಮಿಟಿಯ ಟುವಾಲಮಿ ಮೆಡೋಸ್ ಕಡೆಯಿಂದ ಮೂರು ದಿನದ ಬ್ಯಾಕ್‌ಪ್ಯಾಕಿಂಗ್ ಹೊರಟಿದ್ದೇವಷ್ಟೆ. "ಹಾಸಿಕೊಳ್ಳೋಕೆ ಏನು ತರಬೇಕು?" ಎಂದು ನಾಲ್ಕೈದು ಜನ ಕೇಳಿದ್ದಾರೆ. ಊರಿನಿಂದ ಬಂದಿರುವ ನನ್ನ ಅಪ್ಪನೂ ಹೊರಟಿದ್ದಾರೆ. ಅರವತ್ತಾರು ವರ್ಷವಾದರೂ ದಿನಾ ಬೆಳಿಗ್ಗೆ ಐದು ಮೈಲಿ ನಡೆಯುವ ಕಾಲು ಅವರದು, ಹಾಗಾಗಿ ಹಗಲಿನ ಚಿಂತೆ ನನಗಿಲ್ಲ. ಚಿಂತೆ ಇರುವುದು ರಾತ್ರಿಯದು. ಅವರಂತೂ "ಒಂದು ಚಾಪೆ ಇದ್ರೆ ಸಾಕಪ್ಪಾ, ನೆಲದ ಮೇಲೆ ಮಲಗೋದು ನಮಗೇನು ಹೊಸದಾ?" ಎಂದುಬಿಟ್ಟರು!

ಮೊದಲು ಈ ಚಾಪೆಯ ವಿಷಯವನ್ನೇ ನೋಡೋಣ. ಏಪ್ರಿಲ್ ತಿಂಗಳ ಸೆಕೆಯಲ್ಲಿ ರೆಡ್ ಆಕ್ಸೈಡ್ ನೆಲದ ಮೇಲೆ ಚಾಪೆ ಹಾಸಿ ಮಲಗಿದರೆ ಹಾಯೆನಿಸುವುದೇಕೆ? ತಣ್ಣನೆಯ ನೆಲ ನಮ್ಮ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ, ತೆಳ್ಳಗಿನ ಚಾಪೆ ಅದನ್ನು ತಡೆಯುವುದಿಲ್ಲ. ಟುವಾಲಮಿ ಇರುವುದು ಸುಮಾರು 8,600 ಅಡಿ ಎತ್ತರದಲ್ಲಿ, ಅಲ್ಲಿ ಆಗಸ್ಟ್‌ನಲ್ಲೂ ಬೆಳಗಿನ ಜಾವ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವುದುಂಟು. ಅಲ್ಲಿಯ ನೆಲವೂ ಅದೇ ಕೆಲಸ ಮಾಡುತ್ತದೆ, ಇಡೀ ರಾತ್ರಿ!

"ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ಇದೆಯಲ್ಲ?" ಎನ್ನಬಹುದು. ಬ್ಯಾಗಿನಲ್ಲಿ ಬೆಚ್ಚಗಿಡುವುದು ಪುಕ್ಕವಲ್ಲ, ಪುಕ್ಕದ ನಡುವೆ ನಿಂತ ಗಾಳಿ. ನಮ್ಮ ಭಾರಕ್ಕೆ ಬೆನ್ನ ಕೆಳಗಿನ ಪುಕ್ಕ ಅಪ್ಪಚ್ಚಿಯಾಗಿ ಗಾಳಿ ಹೊರಟುಹೋಗುತ್ತದೆ. ಆದ್ದರಿಂದ ಕೆಳಗಿನ ಚಳಿಯನ್ನು ತಡೆಯುವ ಹೊಣೆ ಹೆಚ್ಚುಕಮ್ಮಿ ಪೂರ್ತಿ ಸ್ಲೀಪಿಂಗ್ ಪ್ಯಾಡಿನದು. ನಾನಂತೂ ಪ್ಯಾಡನ್ನು ಮೊದಲು ಕಂಬಳಿ ಎಂದೇ ನೋಡುವುದು, ಹಾಸಿಗೆ ಆಮೇಲೆ.

ಪ್ಯಾಡು ಎಷ್ಟು ಶಾಖ ತಡೆಯುತ್ತದೆ ಎನ್ನುವ ಅಳತೆಗೆ ಆರ್-ವ್ಯಾಲ್ಯೂ ಎಂದು ಹೆಸರು. ಮನೆಯ ಗೋಡೆಗೆ ತುಂಬುವ ಇನ್ಸುಲೇಶನ್ ಮೇಲೆ ಬರೆದಿರುವುದೂ ಇದೇ. ಎಂಜಿನಿಯರ್ ಬುದ್ಧಿ, ಲೆಕ್ಕ ಹಾಕದೆ ಬಿಡುವುದಿಲ್ಲ! ನೆಲದ ಕಡೆಗಿರುವ ಮೈ ಅರ್ಧ ಚದರ ಮೀಟರ್ ಎಂದುಕೊಳ್ಳಿ. ಮೈ 33 ಡಿಗ್ರಿ ಸೆಲ್ಸಿಯಸ್, ನೆಲ 3 ಡಿಗ್ರಿ. ಆರ್-ವ್ಯಾಲ್ಯೂ 1 ಇದ್ದರೆ ಒಂದು ಚದರ ಮೀಟರಿನಲ್ಲಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5.7 ವಾಟ್ ಶಾಖ ಹರಿಯುತ್ತದೆ. ಅಂದರೆ ನಮ್ಮ ಲೆಕ್ಕದಲ್ಲಿ 85 ವಾಟ್. ಮಲಗಿದ ಮನುಷ್ಯನ ದೇಹ ಹುಟ್ಟಿಸುವ ಶಾಖವೇ ಹತ್ತಿರ ಹತ್ತಿರ ಅಷ್ಟು! ಆರ್-ವ್ಯಾಲ್ಯೂ 2 ಆದರೆ ನಷ್ಟ 43 ವಾಟ್‌ಗೆ ಇಳಿಯುತ್ತದೆ, 4.5 ಆದರೆ ಬರೀ 19. (ಬಟ್ಟೆ, ಬ್ಯಾಗು ಸೇರಿಸಿಲ್ಲ, ನಿಜದಲ್ಲಿ ಎಲ್ಲವೂ ಇನ್ನೂ ಸ್ವಲ್ಪ ಕಡಿಮೆ.) ಒಂದರಿಂದ ಎರಡಕ್ಕೆ ಹೋದಾಗ ಸಿಗುವ ಲಾಭ ಆರರಿಂದ ಏಳಕ್ಕೆ ಹೋದಾಗ ಸಿಗುವುದಿಲ್ಲ ಎನ್ನುವುದನ್ನು ಗಮನಿಸಿ. ನಮ್ಮದು ಹಿಮದ ಮೇಲಿನ ಕ್ಯಾಂಪ್ ಅಲ್ಲ, 7ರ ಪ್ಯಾಡಿಗೆ ದುಡ್ಡು ಸುರಿಯಬೇಡಿ.

ಹಿಂದೆ ಒಂದೊಂದು ಕಂಪನಿ ಒಂದೊಂದು ರೀತಿ ಅಳೆದು ತನಗೆ ಬೇಕಾದ ಅಂಕಿ ಹಾಕಿಕೊಳ್ಳುತ್ತಿತ್ತು. 2018ರಲ್ಲಿ ಎಎಸ್‌ಟಿಎಂ ಎಫ್3340 ಎನ್ನುವ ಸಮಾನ ಪರೀಕ್ಷೆ ಬಂತು. ಅದರ ಪ್ರಕಾರ ಅಳೆದ ಅಂಕಿಗಳನ್ನಷ್ಟೇ ಒಂದಕ್ಕೊಂದು ಹೋಲಿಸಿ. ಗರಾಜ್ ಸೇಲಿನಲ್ಲಿ ಸಿಕ್ಕ ಹಳೆಯ ಪ್ಯಾಡಿನ ಮೇಲಿನ ಅಂಕಿ ನಂಬುವಂತಿಲ್ಲ.

ಇನ್ನು ಜಾತಿಗಳು. ಹೊರಗಿನ ಬೆಂಡಿನಂಥ ಮಡಚುವ ಫೋಮ್ ಪ್ಯಾಡು ಅಗ್ಗ, ತೂತಾಗುವ ಭಯವಿಲ್ಲ, ಕಲ್ಲಿನ ಮೇಲೆ ಹಾಸಿ ಕೂತು ಉಪ್ಪಿಟ್ಟು ತಿನ್ನಬಹುದು. ಥರ್ಮ್-ಎ-ರೆಸ್ಟ್‌ನ ಝೀ ಲೈಟ್ ಸೋಲ್ 410 ಗ್ರಾಂ, ಆರ್-ವ್ಯಾಲ್ಯೂ 2. ದಪ್ಪ ಮಾತ್ರ ಎರಡೇ ಸೆಂಟಿಮೀಟರ್. ಎರಡನೆಯದು ತಾನೇ ಗಾಳಿ ಎಳೆದುಕೊಳ್ಳುವ ಪ್ಯಾಡು. ಸಿಯಾಟಲ್‌ನಲ್ಲಿ ಬೋಯಿಂಗ್‌ನ ಮಾಜಿ ಎಂಜಿನಿಯರುಗಳು 1972ರಲ್ಲಿ ಶುರುಮಾಡಿದ ಕಂಪನಿಯ ಕೂಸು ಇದು. ಕಾರಿನಲ್ಲಿ ಹೋಗುವವರಿಗೆ ಸುಖ, ಹೊರುವವರಿಗೆ ತೂಕ. ಮೂರನೆಯದು ಊದುವ ಗಾಳಿ ಪ್ಯಾಡು. ನಿಯೋಏರ್ ಎಕ್ಸ್‌ಲೈಟ್ ಎನ್‌ಎಕ್ಸ್‌ಟಿ ಎನ್ನುವುದು ಸುಮಾರು 370 ಗ್ರಾಂ, ಮೂರು ಇಂಚು ದಪ್ಪ, ಆರ್-ವ್ಯಾಲ್ಯೂ 4.5. ಒಳಗಿರುವುದು ಬರೀ ಗಾಳಿಯಲ್ಲವೇ, ಇಷ್ಟು ಹೇಗೆ ತಡೆಯುತ್ತದೆ? ಒಳಗಡೆ ತೆಳು ಹಾಳೆಗಳಿಂದ ಸಣ್ಣ ಸಣ್ಣ ಕೋಣೆ ಮಾಡಿ ಗಾಳಿ ಸುತ್ತಾಡದಂತೆ ಕಟ್ಟಿಹಾಕಿದ್ದಾರೆ, ಮೇಲೆ ಶಾಖವನ್ನು ಹಿಂದಕ್ಕೆ ಕಳಿಸುವ ಲೋಹದ ಲೇಪ. ಈ ಬಗೆಯ ಪ್ಯಾಡುಗಳು ಹೊರಳಿದರೆ ಚಿಪ್ಸ್ ಪೊಟ್ಟಣದಂತೆ ಸದ್ದು ಮಾಡುತ್ತವೆ ಎಂಬ ದೂರು ಇತ್ತು, ಹೊಸ ಮಾದರಿಗಳಲ್ಲಿ ಅದು ಕಡಿಮೆ.

ಸುಖದ ಮಾತು ನೀವು ಮಲಗುವ ಭಂಗಿಗೆ ಬಿಟ್ಟದ್ದು. ಅಂಗಾತ ಮಲಗುವವರು ಫೋಮಿನಲ್ಲೂ ನಿದ್ದೆ ಮಾಡಬಹುದು. ಪಕ್ಕಕ್ಕೆ ಮಲಗುವವರ ಇಡೀ ಭಾರ ಸೊಂಟದ ಮೂಳೆ, ಭುಜಗಳ ಮೇಲೆ. ಅವರಿಗೆ ಎರಡೂವರೆ ಇಂಚಿಗಿಂತ ಕಡಿಮೆ ದಪ್ಪ ಬೇಡ. ಅಗಲ ಸಾಮಾನ್ಯವಾಗಿ 20 ಇಂಚು, ಕೈ ಹೊರಗೆ ಜಾರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು, ಕೈಯ ವಿಷಯ ಹೇಳಲಿಲ್ಲ! ರಾತ್ರಿ ಹೊರಳಾಡುವವರು 25 ಇಂಚಿನದನ್ನೇ ತೆಗೆದುಕೊಳ್ಳಿ. ನೂರು ಗ್ರಾಂ ಹೆಚ್ಚಾದರೂ ಚಿಂತೆಯಿಲ್ಲ, ಆ ನೂರು ಗ್ರಾಂ ತಿಂಡಿಯಲ್ಲಿ ಉಳಿಸಬಹುದು.

ಅಪ್ಪನಿಗೆ ನಾನು ಮಾಡಿರುವ ಏರ್ಪಾಡು ಇದು: ಕೆಳಗೆ ಫೋಮ್, ಮೇಲೆ ಅಗಲದ ಗಾಳಿ ಪ್ಯಾಡು. ಒಂದರ ಮೇಲೊಂದು ಹಾಸಿದರೆ ಆರ್-ವ್ಯಾಲ್ಯೂ ಕೂಡಿಕೊಳ್ಳುತ್ತದೆ, 2 ಮತ್ತು 4.5 ಸೇರಿ 6.5. ವಯಸ್ಸಾದವರಿಗೆ ಚಳಿ ಬೇಗ ಹತ್ತುತ್ತದೆ, ಕೆಲವೊಮ್ಮೆ ಅವರಿಗೇ ಗೊತ್ತಾಗುವುದಿಲ್ಲ. ಜೊತೆಗೆ ನಡುರಾತ್ರಿ ಗಾಳಿ ಪ್ಯಾಡು ತೂತಾದರೂ ಕೆಳಗೊಂದು ಉಳಿಯುತ್ತದೆ. ಎರಡನ್ನೂ ಹೊರುವವನು ನಾನೇ.

ಊದುವಾಗ ಕಲ್ಲಿನ ಹಾಗೆ ಗಟ್ಟಿ ಮಾಡಬೇಡಿ. ಪಕ್ಕಕ್ಕೆ ಮಲಗಿ, ಸೊಂಟ ನೆಲಕ್ಕೆ ತಾಗುವ ಮೊದಲು ನಿಲ್ಲುವಷ್ಟು ಗಾಳಿ ಬಿಡಿ. ಸಂಜೆ ಊದಿಟ್ಟ ಪ್ಯಾಡು ರಾತ್ರಿ ಮೆತ್ತಗಾದರೆ ತೂತೆಂದು ಗಾಬರಿಯಾಗಬೇಡಿ. ತಂಪಿಗೆ ಗಾಳಿ ಕುಗ್ಗಿರುತ್ತದೆ, ಮಲಗುವ ಮುನ್ನ ಇನ್ನೆರಡು ಸಲ ಊದಿದರಾಯಿತು. ಬಾಯಿಗಿಂತ ಊದುವ ಚೀಲ ಮೇಲು, ಉಸಿರಿನ ತೇವ ಒಳಗೆ ಸೇರುವುದಿಲ್ಲ. ಟೆಂಟು ಹಾಕುವ ಮುನ್ನ ಪೈನ್ ಕಾಯಿ, ಚೂಪು ಕಲ್ಲು ಆರಿಸಿ ಹಾಕಿ.

ನಿಜಕ್ಕೂ ತೂತಾದರೆ ಪ್ಯಾಡನ್ನು ಊದಿ, ಭಾಗ ಭಾಗವಾಗಿ ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕಿ (ಕೆರೆಗೆ ಸೋಪು ಮಾತ್ರ ಹಾಕಬೇಡಿ), ಪೆನ್ನಿನಲ್ಲಿ ಗುರುತು ಮಾಡಿ, ಪೂರ್ತಿ ಒಣಗಿಸಿ, ಆಲ್ಕೋಹಾಲಿನಲ್ಲಿ ಒರೆಸಿ ತೇಪೆ ಒತ್ತಿ. ತೇಪೆಯ ಪೊಟ್ಟಣ ಗುಂಪಿಗೆ ಎರಡು ಸಾಕು. ಒಂದು ನನ್ನಲ್ಲಿದೆ, ಇನ್ನೊಂದನ್ನು ಯಾರು ತರುತ್ತೀರಿ ಎಂದು ಈ ವಾರದೊಳಗೆ ತಿಳಿಸಿ.