ನೀರು ಎಲ್ಲಿಂದ ಬಂತು?

ಆದವಾನಿ ಕಡೆಯವರ ಹತ್ತಿರ ಮನೆ ವಿಮೆಯ ಮಾತು ತೆಗೆದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ನಮ್ಮ ಕಡೆ ಮಳಿ ಎಲ್ಲೈತ್ರೀ?" ಬರದ ಸೀಮೆಯವರು ನೀರಿಗೆ ಹೆದರಿ ದುಡ್ಡು ಕಟ್ಟುವುದು ಯಾರಿಗಾದರೂ ವಿಚಿತ್ರವಾಗಿಯೇ ಕಾಣುತ್ತದೆ. ಆದರೆ ಇಲ್ಲಿ ಮನೆ ಕೆಡಿಸುವ ನೀರು ಮೋಡದಿಂದಲೇ ಬರಬೇಕೆಂದಿಲ್ಲ. ನಳದ ನೀರು ದಿನಾ ಬಾರದ ಊರಲ್ಲಿ ಕೆಳಗೊಂದು ಸಂಪು, ಮಾಳಿಗೆಯ ಮೇಲೊಂದು ಸಾವಿರ ಲೀಟರಿನ ಕಪ್ಪು ಟ್ಯಾಂಕು ಇಲ್ಲದೆ ಸಂಸಾರ ನಡೆಯುವುದಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಮೈಯೊಡ್ಡಿದ ಪಿವಿಸಿ ಪೈಪು ವರ್ಷದಿಂದ ವರ್ಷಕ್ಕೆ ಪೆಡಸಾಗುತ್ತದೆ. ಒಂದು ದಿನ ಮೋಟರು ಹಾಕಿದಾಗ ಸೀಳುತ್ತದೆ.

ನಮ್ಮ ಮನೆಯಲ್ಲಿ ಅದು ರಾತ್ರಿ ಸೀಳಿತು. ಟ್ಯಾಂಕಿನಿಂದ ಇಳಿಯುವ ಪೈಪಿನ ಎಲ್ಬೋ ಒಡೆದು, ನೀರು ಮೆಟ್ಟಿಲ ಪಕ್ಕದ ಗೋಡೆಯ ಸಂದಿ ಹಿಡಿದು ಮಲಗುವ ಕೋಣೆಗೆ ಇಳಿದಿತ್ತು. ಬೆಳಕು ಹರಿಯುವ ಹೊತ್ತಿಗೆ ಗೋಡೆಯ ಗಿಲಾವು ಉಬ್ಬಿ ಪದರು ಪದರಾಗಿ ಉದುರುತ್ತಿತ್ತು. ಪ್ಲೈವುಡ್ ಬೀರುವಿನ ಬುಡ ನೀರು ಕುಡಿದು ಬಾಗಿಲು ಮುಚ್ಚದ ಹಾಗೆ ಊದಿಕೊಂಡಿತ್ತು. ಸ್ವಿಚ್ ಬೋರ್ಡಿನೊಳಗೆ ನೀರು ಹೋಗಿ ಆ ಕೋಣೆಯ ವೈರಿಂಗ್ ಪೂರ್ತಿ ಬದಲಿಸಬೇಕಾಯಿತು. ಹಾಸಿಗೆ, ಬಟ್ಟೆ, ಬೀರುವಿನ ತಳದಲ್ಲಿಟ್ಟ ಪುಸ್ತಕ ಎಲ್ಲ ಸೇರಿ ದುರಸ್ತಿಯ ಅಂದಾಜು 1.46 ಲಕ್ಷ ರೂಪಾಯಿಗೆ ಬಂತು.

ವಿಮೆ ಇತ್ತು, ಪ್ರೀಮಿಯಂ ಕಟ್ಟಿತ್ತು. ಆದರೂ ಸರ್ವೇಯರ್ ಬಂದು ಹೋದ ಮೇಲೆ ಕಂಪನಿ ಒಪ್ಪಿದ್ದು 41 ಸಾವಿರ ಮಾತ್ರ. ಕಾರಣ, ಬಚ್ಚಲ ಕಡೆಯ ಗೋಡೆಯಲ್ಲಿ ಮೊದಲಿನಿಂದ ಇದ್ದ ತೇವದ ಕಲೆ. ಸರ್ವೇಯರ್ ಅದನ್ನು ನೋಡಿ, ಕೋಣೆಯ ಬಹುಪಾಲು ಹಾನಿಯೂ ಹಳೆಯ ಜಿನುಗಿನಿಂದಲೇ ಆದದ್ದು ಎಂದು ವರದಿ ಬರೆದಿದ್ದರು. ನೀರಿನ ಹಾನಿಯ ಕ್ಲೇಮುಗಳ ಜೀವ ಇರುವುದು ಇಲ್ಲೇ. ಮನೆ ಎಷ್ಟು ನೆನೆದಿದೆ ಎಂಬುದು ಆಮೇಲಿನ ಮಾತು. ನೀರು ಎಲ್ಲಿಂದ ಬಂತು, ಯಾವತ್ತು ಬಂತು ಎನ್ನುವುದಕ್ಕೆ ಮೊದಲು ಉತ್ತರ ಬೇಕು.

2021ರ ಏಪ್ರಿಲ್ 1ರಿಂದ ದೇಶದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಮನೆಗಳಿಗೆ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ನಿಯಮ ಮಾಡಿದೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ನೀರು ನುಗ್ಗುವುದು ಇವೆಲ್ಲದರ ಜತೆಗೆ ನೀರಿನ ಟ್ಯಾಂಕು, ಪೈಪು, ಉಪಕರಣಗಳು ಒಡೆಯುವುದು, ಉಕ್ಕಿ ಹರಿಯುವುದೂ ಅದರ ಪಟ್ಟಿಯಲ್ಲಿದೆ. ವರ್ಷಗಟ್ಟಲೆ ಗೋಡೆಯೊಳಗೆ ಜಿನುಗಿ ಜಿನುಗಿ ಬಂದ ತೇವ ಆ ಪಟ್ಟಿಯಲ್ಲಿಲ್ಲ. ಮಾಳಿಗೆಯ ಬಿರುಕು ಮುಚ್ಚದೆ ಬಿಟ್ಟು ಪ್ರತಿ ಮಳೆಗಾಲ ಸೋರಿದರೆ ಅದೂ ಇಲ್ಲ. ಇದು ಅನ್ಯಾಯವೇನಲ್ಲ. ತಟ್ಟನೆ ಆಗುವ ಅನಾಹುತಕ್ಕೆ ಕಟ್ಟಿದ ದುಡ್ಡಿನಲ್ಲಿ ಮನೆಯ ಸವೆತವನ್ನು ತುಂಬಿಕೊಡಲು ಆಗುವುದಿಲ್ಲ. ಅನ್ಯಾಯ ಆಗುವುದು, ಒಂದೇ ಗೋಡೆಯಲ್ಲಿ ಎರಡೂ ಇದ್ದಾಗ ಹಳೆಯದರ ಲೆಕ್ಕಕ್ಕೆ ಹೊಸದನ್ನೂ ಸೇರಿಸಿಬಿಟ್ಟಾಗ.

ನಾನು ಬಚ್ಚಲ ಗೋಡೆಯ ತೇವ ಹಳೆಯದೆಂದು ಬರವಣಿಗೆಯಲ್ಲೇ ಒಪ್ಪಿಕೊಂಡು, ಅಷ್ಟು ಭಾಗ ಬಿಟ್ಟು ಉಳಿದದ್ದಕ್ಕೆ ಮರುಪರಿಶೀಲನೆ ಕೇಳಿದೆ. ಪೈಪಿನ ಕೆಲಸದವನು ಒಡೆದ ಎಲ್ಬೋ ಬಿಚ್ಚಿದಾಗ "ಅಣ್ಣಾ, ಇದನ್ನ ಒಗೀಬ್ಯಾಡ್ರಿ, ಸೀಳು ಹೊಸಾದು, ಒಳಗ ಪಾಚಿ ಕಟ್ಟಿಲ್ಲ ನೋಡ್ರಿ" ಅಂದಿದ್ದ. ಎಷ್ಟೋ ವರ್ಷ ಪೈಪುಗಳ ಜತೆ ಬಾಳಿದವನ ಕಣ್ಣು ಅದು. ಜಿನುಗುತ್ತಿದ್ದ ಪೈಪಾದರೆ ಸೀಳಿನ ಅಂಚಿಗೆ ಸುಣ್ಣದ ಬಿಳಿ ಗೆರೆ, ಪಾಚಿ ಹಿಡಿದಿರುತ್ತದೆ. ನಮ್ಮದು ಚೊಕ್ಕವಾಗಿತ್ತು. ಆ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಎತ್ತಿಟ್ಟಿದ್ದೆ. ಅವನ ಬಿಲ್ಲಿನಲ್ಲಿ ತಾರೀಖಿನ ಜತೆ 'ಟ್ಯಾಂಕಿನ ಪೈಪು ಒಡೆದದ್ದಕ್ಕೆ ಬದಲಾಯಿಸಿದ್ದು' ಎಂದು ಬರೆಸಿದ್ದೆ. 'ರಿಪೇರಿ' ಎಂದಷ್ಟೇ ಬರೆದ ಬಿಲ್ಲು ಇಂಥ ಹೊತ್ತಿನಲ್ಲಿ ಏನನ್ನೂ ಸಾಬೀತು ಮಾಡುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಒಂದು ತೊಟ್ಟಿಲ ಫೋಟೊ. ಕೆಲವು ತಿಂಗಳ ಹಿಂದೆ ಅದೇ ಕೋಣೆಯಲ್ಲಿ ತಂಗಿಯ ಮಗುವಿಗೆ ತೊಟ್ಟಿಲ ಶಾಸ್ತ್ರ ಮಾಡಿದ್ದೆವು. ಅಕ್ಕಪಕ್ಕದ ಹೆಂಗಸರೆಲ್ಲ ತೊಟ್ಟಿಲ ಸುತ್ತ ನಿಂತ ಫೋಟೊದಲ್ಲಿ ಅವರ ಹಿಂದಿನ ಗೋಡೆ ಪೂರ್ತಿ ಕಾಣುತ್ತದೆ. ಬಣ್ಣ ಅಚ್ಚುಕಟ್ಟಾಗಿದೆ, ತೇವದ ಗುರುತಿಲ್ಲ, ಬೀರುವಿನ ಬಾಗಿಲು ಸರಿಯಾಗಿ ಮುಚ್ಚಿದೆ. ಫೋನಿನಲ್ಲಿ ತೆಗೆದದ್ದಾದ್ದರಿಂದ ತಾರೀಖೂ ಅದರೊಳಗೇ ಇದೆ. ಅದರ ಪಕ್ಕಕ್ಕೆ ಪೈಪು ಒಡೆದ ರಾತ್ರಿಯ ಫೋಟೊ ಇಟ್ಟು, ಕಂಪನಿಯ ಕುಂದುಕೊರತೆ ಅಧಿಕಾರಿಗೆ ಪತ್ರ ಬರೆದೆ. ಸರ್ವೇಯರ್ ಎರಡನೇ ಸಲ ಬಂದರು, ಎಲ್ಬೋ ತುಂಡು ಕೈಯಲ್ಲಿ ಹಿಡಿದು ನೋಡಿದರು, ಮೆಟ್ಟಿಲ ಗೋಡೆಯನ್ನೂ ಬಚ್ಚಲ ಗೋಡೆಯನ್ನೂ ಬೇರೆ ಬೇರೆ ಅಳೆದರು. ಕೊನೆಗೆ ಕೈಗೆ ಬಂದದ್ದು 1.09 ಲಕ್ಷ. ಬಚ್ಚಲ ಗೋಡೆಗೆ ಬಿಡಿಗಾಸೂ ಬರಲಿಲ್ಲ. ಅದು ಸರಿಯಾದ ತೀರ್ಮಾನ.

ಹಬ್ಬ, ಮದುವೆ, ನಾಮಕರಣದ ಫೋಟೊಗಳು ಎಲ್ಲರ ಫೋನಿನಲ್ಲೂ ಇರುತ್ತವೆ. ಮನೆ ಚೆನ್ನಾಗಿದ್ದ ದಿನದ ದಾಖಲೆ ಅವೇ. ವರ್ಷಕ್ಕೊಮ್ಮೆ, ದೀಪಾವಳಿಗೆ ಮನೆ ಬಳಿದು ಸಾರಿಸಿದಾಗ, ಪ್ರತಿ ಕೋಣೆಯ ನಾಲ್ಕೂ ಗೋಡೆಯ ಫೋಟೊ ತೆಗೆದು ಊರಾಚೆ ಇರುವ ಮಗನಿಗೋ ಮಗಳಿಗೋ ಕಳಿಸಿಡಿ ಎಂದು ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ.

ಕಾಲದ ಲೆಕ್ಕವೂ ನಮ್ಮ ಪರವಾಗಿದೆ. ಒಂದು ಲಕ್ಷ ಮೀರಿದ ನಷ್ಟಕ್ಕೆ ಪರವಾನಗಿ ಇರುವ ಸರ್ವೇಯರ್ ವರದಿ ಬೇಕು. ಪ್ರಾಧಿಕಾರದ 2024ರ ಜೂನ್ ಸುತ್ತೋಲೆಯ ಪ್ರಕಾರ ಸರ್ವೇಯರನ್ನು 24 ಗಂಟೆಯೊಳಗೆ ನೇಮಿಸಬೇಕು, ವರದಿ 15 ದಿನದಲ್ಲಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಕಾಗದಪತ್ರ ಇಲ್ಲವೆಂಬ ಒಂದೇ ಕಾರಣಕ್ಕೆ ಕ್ಲೇಮು ತಳ್ಳಿಹಾಕುವಂತಿಲ್ಲ ಎಂದೂ ಅದೇ ಸುತ್ತೋಲೆ ಹೇಳುತ್ತದೆ. ಸರ್ವೇಯರ್ ಬರುವವರೆಗೆ ನೀರಲ್ಲೇ ಕೂಡಬೇಕಿಲ್ಲ. ನೀರು ಬಳಿದು ಹಾಕುವುದು, ಮೇನ್ ಆಫ್ ಮಾಡುವುದು, ಸಾಮಾನು ಒಣಗಿಸುವುದು ಪಾಲಿಸಿದಾರರ ಕರ್ತವ್ಯ. ಹಾಳಾದ ವಸ್ತುವನ್ನು ಮಾತ್ರ ಸರ್ವೇಯರ್ ನೋಡುವ ಮೊದಲು ಗುಜರಿಗೆ ಹಾಕಬಾರದು.

ತುಂಗಭದ್ರೆಯ ದಂಡೆಯವರ ಮಾತು ಬೇರೆ. 2009ರ ಅಕ್ಟೋಬರ್ ಮೊದಲ ವಾರ ಮಂತ್ರಾಲಯದ ಮಠವೂ ಊರೂ ಮುಳುಗಿದ್ದನ್ನು, ಕರ್ನೂಲು ಪಟ್ಟಣದ ಬೀದಿಗಳು ಹೊಳೆಯಾದದ್ದನ್ನು ಈ ಕಡೆ ಯಾರೂ ಮರೆತಿಲ್ಲ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಅಣೆಕಟ್ಟಿನ 19ನೇ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋದಾಗ ಕೌತಾಳಂ, ಕೋಸಿಗಿ, ಮಂತ್ರಾಲಯದ ದಂಡೆಯವರು ಮತ್ತೆ ನಿದ್ದೆಗೆಟ್ಟರು. ಇಂಥ ಹೊತ್ತಿನಲ್ಲಿ ನೀರು ಎಲ್ಲಿಂದ ಬಂತೆಂದು ಸಾಬೀತು ಮಾಡುವ ಕಷ್ಟವಿಲ್ಲ. ಕಷ್ಟ ಇರುವುದು ಮೊತ್ತದಲ್ಲಿ. ವಿಪತ್ತು ಪರಿಹಾರ ನಿಧಿಯ 2022ರಿಂದ 2026ರ ಮಾನದಂಡದಲ್ಲಿ ಬಯಲು ಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ, ಶೇ 15ರಷ್ಟಾದರೂ ಹಾಳಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ. ಇಂದಿನ ಸಿಮೆಂಟು, ಮರಳು, ಗೌಂಡಿ ಕೂಲಿಯಲ್ಲಿ 6,500 ರೂಪಾಯಿಗೆ ಒಂದು ಕೋಣೆಯ ಗಿಲಾವೂ ಮುಗಿಯುವುದಿಲ್ಲ. ಪರಿಹಾರ ಬರಲಿ, ಅದು ಹಕ್ಕು. ಕಂದಾಯದವರು ಬರೆಯುವ ಪಂಚನಾಮೆಯ ಒಂದು ಪ್ರತಿ ಕೇಳಿ ಇಟ್ಟುಕೊಂಡರೆ ವಿಮೆಗೂ ಅದೇ ಸಾಕ್ಷಿ. ಮನೆ ಕಟ್ಟಿಕೊಳ್ಳುವ ದುಡ್ಡಿಗೆ ಮಾತ್ರ ವಿಮೆಯನ್ನೇ ನಂಬಬೇಕು.

ಮೊತ್ತದ ವಿಷಯದಲ್ಲಿ ನಮ್ಮವರ ಲೆಕ್ಕ ಸೆಂಟಿನ ಬೆಲೆಯಿಂದ ಶುರುವಾಗುತ್ತದೆ. "ಜಾಗಾನೇ ಮೂವತ್ತು ಲಕ್ಷ ಐತಿ, ಅಷ್ಟಕ್ಕೆ ವಿಮೆ ಕಟ್ಟೋದಾದ್ರ ಹೆಂಗ್ರಿ?" ಎಂದು ಕೇಳುತ್ತಾರೆ. ಜಾಗ ನೀರಿಗೆ ಕೊಚ್ಚಿಹೋಗುವುದಿಲ್ಲ, ಅದಕ್ಕೆ ವಿಮೆ ಬೇಡ. ಕಾರ್ಪೆಟ್ ಅಳತೆಯನ್ನು ಇಂದಿನ ಕಟ್ಟಡ ಖರ್ಚಿನಿಂದ ಗುಣಿಸಿದರೆ ಸಾಕು. ಸಾವಿರ ಚದರಡಿ ಮನೆಗೆ ಚದರಡಿಗೆ 1,800 ಹಿಡಿದರೆ 18 ಲಕ್ಷ. ಮನೆಯ ಸಾಮಾನಿಗೆ ಬೇರೆ ಪಟ್ಟಿ ಕೊಡದಿದ್ದರೂ ಅದರ ಶೇ 20, ಅಂದರೆ 3.6 ಲಕ್ಷ, ತಾನಾಗಿ ಸೇರುತ್ತದೆ. ಈ ಶೇ 20ಕ್ಕೆ ಮೇಲಿನ ಮಿತಿ 10 ಲಕ್ಷ. ಗೃಹ ಸಾಲ ಇರುವವರು ಇನ್ನೊಂದನ್ನು ನೋಡಬೇಕು: ಸಾಲದ ಜತೆ ಬ್ಯಾಂಕು ಮಾಡಿಸಿದ ಪಾಲಿಸಿ ಅವರ ಫೈಲಿನಲ್ಲೇ ಇರಬಹುದು, ಮೊತ್ತ ಸಾಲಕ್ಕೆ ಮಾತ್ರ ಸರಿಹೊಂದಿರಬಹುದು. ಒಂದು ಪ್ರತಿ ಕೇಳಿ ತಂದಿಟ್ಟುಕೊಳ್ಳಿ.

ಕಂಪನಿ ಒಪ್ಪದಿದ್ದರೆ ಮೊದಲು ಅವರಿಗೇ ಲಿಖಿತ ದೂರು ಕೊಟ್ಟು ಒಂದು ತಿಂಗಳು ಕಾಯಬೇಕು. ಆಮೇಲೆ ವಿಮಾ ಒಂಬುಡ್ಸ್‌ಮನ್. ಫೀಸಿಲ್ಲ, ವಕೀಲರು ಬೇಕಿಲ್ಲ. ಆಂಧ್ರದವರಿಗೆ ಹೈದರಾಬಾದ್ ಕಚೇರಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ 2017ರ ನಿಯಮದಲ್ಲಿ ದೂರುದಾರ ಇರುವ ಊರಿನ ಕಚೇರಿಗಾದರೂ ಸರಿ, ಕಂಪನಿಯ ಶಾಖೆ ಇರುವ ಊರಿನ ಕಚೇರಿಗಾದರೂ ಸರಿ ಹೋಗಬಹುದು. 1953ರವರೆಗೆ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು. ಇವತ್ತಿಗೂ ನಮ್ಮವರ ನೆಂಟಸ್ತಿಕೆ, ವ್ಯಾಪಾರ, ಬ್ಯಾಂಕಿನ ಸಾಲ ಎಷ್ಟೋ ಮಂದಿಗೆ ಬಳ್ಳಾರಿಯಲ್ಲೇ. ಕೋಸಿಗಿಯಲ್ಲಿರುವ ನಮ್ಮ ಸೋದರಮಾವನ ಮಗನ ಪಾಲಿಸಿಯೂ ಬಳ್ಳಾರಿ ಶಾಖೆಯದು. ಅವನ ಮನೆಗೆ ಸಂಪು ಉಕ್ಕಿ ನೀರು ನುಗ್ಗಿದ ಕ್ಲೇಮು ತಿರಸ್ಕಾರವಾದಾಗ, ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಬರೆಯಲು ಹೆದರಿ ಕೈಬಿಡುವುದರಲ್ಲಿದ್ದ. ಶಾಖೆ ಕರ್ನಾಟಕದಲ್ಲಿರುವುದರಿಂದ ಬೆಂಗಳೂರಿನ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದೆಂದು ಗೊತ್ತಾದ ಮೇಲೆ ಇಬ್ಬರೂ ಕೂತು ದೂರಿನ ಪತ್ರವನ್ನು ಕನ್ನಡದಲ್ಲೇ ಬರೆದೆವು. ತಿರಸ್ಕಾರದ ಪತ್ರ, ಪಾಲಿಸಿಯ ಪ್ರತಿ, ಮೋಟರು ರಿಪೇರಿಯವನ ಬಿಲ್ಲು, ಅವನ ಮಗಳ ಆರತಿಯ ದಿನ ಅದೇ ಪಡಸಾಲೆಯಲ್ಲಿ ತೆಗೆದ ಫೋಟೊ ಲಗತ್ತಿಸಿ ರಿಜಿಸ್ಟರ್ಡ್ ಅಂಚೆಗೆ ಹಾಕಿದ್ದಾನೆ. ತಿರಸ್ಕಾರವಾದ ಒಂದು ವರ್ಷದೊಳಗೆ ದೂರು ತಲುಪಬೇಕು, ತಲುಪಿದೆ. ವಿಚಾರಣೆ ವಿಡಿಯೊ ಮೂಲಕವೂ ನಡೆಯುವುದರಿಂದ ಅವನು ಆ ಹೊತ್ತಿಗೆ ಆದವಾನಿಯ ನಮ್ಮ ಮನೆಗೆ ಬಂದರೆ ಸಾಕು.