ದರ್ಪದ ಒಳಬಿರುಕು

ಕನಕಪುರ ತಾಲ್ಲೂಕಿನಲ್ಲಿ ಕಬ್ಬಾಳದುರ್ಗವೆಂಬ ಕಡಿದಾದ ಬಂಡೆಬೆಟ್ಟವಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ ಅದು ಸೆರೆಮನೆಯಾಗಿತ್ತು. 1734ರಲ್ಲಿ ಮೈಸೂರಿನ ಅರಸರಾದ ಏಳನೆಯ ಚಾಮರಾಜ ಒಡೆಯರೇ ಸೆರೆಯಾಳಾಗಿ ಬಂದು ಇಲ್ಲಿ ಕೊನೆಯುಸಿರೆಳೆದರು. ಅವರನ್ನು ಪಟ್ಟದಿಂದಿಳಿಸಿ ಇಲ್ಲಿಗೆ ಅಟ್ಟಿದವರು ಅವರ ಸೇವೆಯಲ್ಲಿದ್ದ ಕಳಲೆ ಮನೆತನದ ದಳವಾಯಿಗಳು.

ದಳವಾಯಿಯೆಂದರೆ ಸೇನಾಪತಿ. 1728ರಲ್ಲಿ ಮಾಗಡಿಯನ್ನು ಗೆದ್ದು ಅಲ್ಲಿನ ಕೆಂಪೇಗೌಡರ ಆಳ್ವಿಕೆಯನ್ನು ಕೊನೆಗಾಣಿಸಿದ ದಳವಾಯಿ ದೇವರಾಜಯ್ಯನಿಗೆ ಸೈನ್ಯವೇ ಬಲವಾಗಿತ್ತು. ಚಾಮರಾಜರ ತರುವಾಯ ಬಾಲಕನಾದ ಇಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟದಲ್ಲಿ ಕುಳ್ಳಿರಿಸಿ, ದಳವಾಯಿಗಳು ರಾಜ್ಯದ ಸೂತ್ರವನ್ನು ತಾವೇ ಹಿಡಿದರು. ಮುಂದೆ ದೇವರಾಜಯ್ಯನ ತಮ್ಮ ಕರಾಚೂರಿ ನಂಜರಾಜಯ್ಯ ಸರ್ವಾಧಿಕಾರಿಯಾದನು. ಆತ ವಿದ್ವಾಂಸ, ಕವಿಗಳಿಗೆ ಆಶ್ರಯದಾತ. ಆದರೆ ಅಧಿಕಾರದ ಮದವನ್ನು ವಿದ್ಯೆಯೂ ಇಳಿಸಲಿಲ್ಲ. 1756ರಲ್ಲಿ ಅರಸರು ತಮ್ಮ ಹಕ್ಕನ್ನು ಸ್ಥಾಪಿಸಲು ಯತ್ನಿಸಿದಾಗ, ಆತ ಅರಮನೆಗೇ ಫಿರಂಗಿಯನ್ನು ತಿರುಗಿಸಿದನು. ಅರಸರ ಕಡೆಯವರ ಕಿವಿಮೂಗುಗಳನ್ನು ಕೊಯ್ಯಿಸಿದನು. ಇದಕ್ಕೆ ಬೇಸತ್ತು ಅಣ್ಣನೇ ಶ್ರೀರಂಗಪಟ್ಟಣವನ್ನು ತೊರೆದುಹೋದನು.

ಹೊರನೋಟಕ್ಕೆ ನಂಜರಾಜಯ್ಯನಿಗೆ ಎದುರಿಲ್ಲವಾಗಿತ್ತು. ಒಳಗೆ ಬೊಕ್ಕಸ ಬರಿದಾಗಿತ್ತು. ತಿರುಚಿನಾಪಳ್ಳಿಯ ಆಸೆಯಿಂದ 1751ರಿಂದ 1755ರವರೆಗೆ ನಡೆಸಿದ ಯುದ್ಧ ಅಪಾರ ಹಣವನ್ನು ನುಂಗಿತ್ತು. ಮೇಲೆ ನಿಜಾಮನಿಗೂ ಮರಾಠರಿಗೂ ಕಪ್ಪ ತೆರಬೇಕಾಯಿತು. ಸೈನಿಕರಿಗೆ ಸಂಬಳ ನಿಂತಿತು. 1758ರಲ್ಲಿ ಅವರು ನಂಜರಾಜಯ್ಯನ ಬಾಗಿಲಲ್ಲೇ ಧರಣಿ ಕುಳಿತು, ಮನೆಯೊಳಕ್ಕೆ ಅನ್ನನೀರು ಹೋಗದಂತೆ ತಡೆದರು. ಯಾರ ಈಟಿಗೆ ನಾಡು ಅಂಜಿತ್ತೋ ಅವರೇ ಈಗ ಒಡೆಯನನ್ನು ಅವನ ಮನೆಯಲ್ಲೇ ಸೆರೆಯಾಗಿಸಿದ್ದರು. ಆಗ ಬಾಕಿಯನ್ನು ತೀರಿಸಿ ದಂಡನ್ನು ಸಮಾಧಾನಪಡಿಸಿದವನು ಹೈದರಾಲಿ.

1759ರಲ್ಲಿ ಮರಾಠಾ ಸರದಾರ ಗೋಪಾಲ ಹರಿಯ ಪಡೆ ಚನ್ನಪಟ್ಟಣವನ್ನು ಹಿಡಿದು ಬೆಂಗಳೂರನ್ನು ಮುತ್ತಿತು. ಅದನ್ನು ಹಿಮ್ಮೆಟ್ಟಿಸಿದ ಕೀರ್ತಿಯೂ ಹೈದರನದಾಯಿತು. ಅದೇ ವರ್ಷ ಸಂಬಳದ ಕೂಗು ಮತ್ತೆ ಎದ್ದಿತು. ನಂಜರಾಜಯ್ಯ ಅಧಿಕಾರವನ್ನು ಬಿಟ್ಟುಕೊಟ್ಟನು. 

ಪ್ರಜೆಗಳ ಪ್ರೀತಿಯನ್ನು ಗಳಿಸಿದವನಿಗೆ ಕಷ್ಟಕಾಲದಲ್ಲಿ ಅದು ಒದಗಿ ಬರುತ್ತದೆ. ಭಯವಾದರೋ ಕೂಲಿಯ ಆಳು. ದಿನದಿನವೂ ಅದಕ್ಕೆ ಬೆಲೆ ತೆರಬೇಕು. ತೆರಲಾಗದ ದಿನ ಅದು ಒಡೆಯನ ಬಾಗಿಲನ್ನೇ ತಟ್ಟುತ್ತದೆ. ಒಡೆಯನನ್ನು ಸೆರೆಗೆ ತಳ್ಳುವುದನ್ನು ಆ ದಂಡಿಗೆ ಕಲಿಸಿದವರು ದಳವಾಯಿಗಳೇ ಅಲ್ಲವೇ?