ಕ್ಯಾನ್ಸರ್ ರೋಗಿಗಳ ಮನಸ್ಸಿನ ತಪಾಸಣೆ: ಮಾಡಬೇಕಾದ್ದು, ಮಾಡಬಾರದ್ದು

ಓಪಿಡಿ, ಕೀಮೋ ಡೇ ಕೇರ್ ಮತ್ತು ರೇಡಿಯೇಷನ್ ವಿಭಾಗದ ನರ್ಸ್‌ಗಳು, ಕಿರಿಯ ವೈದ್ಯರು, ಸಮಾಜ ಕಾರ್ಯಕರ್ತರು ಹಾಗೂ ಡೇಟಾ ಎಂಟ್ರಿ ಸಿಬ್ಬಂದಿಯ ಗಮನಕ್ಕೆ

ಬಿ.ಪಿ., ಜ್ವರ, ತೂಕದ ಜೊತೆಗೆ ರೋಗಿಯ ಮಾನಸಿಕ ಸಂಕಟದ ಅಂಕವೂ ಕಂಪ್ಯೂಟರ್ ದಾಖಲೆಗೆ ಸೇರಬೇಕು. ಇದಕ್ಕೆ ಬಳಸುವುದು ‘ಡಿಸ್ಟ್ರೆಸ್ ಥರ್ಮಾಮೀಟರ್’. ಇವತ್ತೂ ಸೇರಿ ಕಳೆದ ಒಂದು ವಾರದಲ್ಲಿ ಮನಸ್ಸು ಎಷ್ಟು ನೊಂದಿದೆ ಎಂಬುದನ್ನು ರೋಗಿಯೇ 0ಯಿಂದ 10ರೊಳಗೆ ಗುರುತಿಸುತ್ತಾರೆ. 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ವಿಚಾರಣೆ ಕಡ್ಡಾಯ.

ಮಾಡಬೇಕಾದ್ದು

1. ರೋಗ ಪತ್ತೆಯಾದಾಗ, ಚಿಕಿತ್ಸೆ ಬದಲಾದಾಗ, ಚಿಕಿತ್ಸೆ ಮುಗಿದಾಗ, ರೋಗ ಮರುಕಳಿಸಿದಾಗ ಹೊಸದಾಗಿ ಕೇಳಿ. ಕೊನೆಯ ಕೀಮೋ ಮುಗಿದ ಖುಷಿಯಲ್ಲಿ ಮನೆಯವರಿದ್ದಾಗಲೇ ‘ಇನ್ನು ನನ್ನ ನೋಡೋರು ಯಾರು’ ಎಂಬ ಭಯ ರೋಗಿಗೆ ಹುಟ್ಟಬಹುದು.

2. ಜೊತೆಗೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ. ಮಗ ಪಕ್ಕದಲ್ಲಿದ್ದರೆ ತಾಯಿ ‘ಏನಿಲ್ಲ, ಚೆನ್ನಾಗಿದೀನಿ’ ಎನ್ನುತ್ತಾರೆ. ಒಬ್ಬರೇ ಇದ್ದಾಗ ಅಡವಿಟ್ಟ ಒಡವೆಯ ಮಾತು ಬರುತ್ತದೆ.

3. ಓದಲು ಬಾರದವರಿಗೆ ಬಾಯಲ್ಲೇ ಕೇಳಿ: ‘ಅಮ್ಮಾ, ಈ ವಾರ ಮನಸ್ಸಿಗೆ ಎಷ್ಟು ಕಷ್ಟ ಆಯ್ತು? ಏನೂ ಇಲ್ಲ ಅಂದ್ರೆ ಸೊನ್ನೆ, ತಡೆಯೋಕೇ ಆಗ್ಲಿಲ್ಲ ಅಂದ್ರೆ ಹತ್ತು.’ ಅವರು ಹೇಳಿದ ಅಂಕಿಯನ್ನೇ ತುಂಬಿ.

4. ಅಂಕದ ಜೊತೆಗಿರುವ ತೊಂದರೆಗಳ ಪಟ್ಟಿಯನ್ನೂ ತುಂಬಿ. ಯಾರ ಬಳಿ ಕಳಿಸಬೇಕೆಂಬುದು ಅದರಿಂದಲೇ ಗೊತ್ತಾಗುವುದು. ಹಣದ ಚಿಂತೆಗೆ ಸಮಾಜ ಕಾರ್ಯಕರ್ತರು, ತಡೆಯಲಾಗದ ನೋವಿಗೆ ಪ್ಯಾಲಿಯೇಟಿವ್ ವಿಭಾಗ, ಖಿನ್ನತೆಯ ಶಂಕೆಗೆ ಮನೋವೈದ್ಯರು.

5. ಅಂಕ 4 ಅಥವಾ ಹೆಚ್ಚಿದ್ದಾಗ ಕಂಪ್ಯೂಟರಿನಿಂದ ಬರುವ ಎಚ್ಚರಿಕೆ ಸಂದೇಶ ಆ ದಿನ ಡ್ಯೂಟಿಯಲ್ಲಿರುವ ಒಬ್ಬರ ಲಾಗಿನ್‌ಗೆ ಹೋಗಬೇಕು. ನೋಡಿದ್ದು ಯಾರು, ಎಷ್ಟು ಗಂಟೆಗೆ, ಏನು ಮಾಡಿದರು ಎಂಬ ಮೂರೂ ಅದೇ ದಾಖಲೆಯಲ್ಲಿರಬೇಕು.

6. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯು-9 ತುಂಬಿಸಿದ್ದರೆ ಒಂಬತ್ತನೆಯ ಪ್ರಶ್ನೆಯನ್ನು ಮೊದಲು ನೋಡಿ. ಅದು ಸಾಯುವ ಯೋಚನೆಯ ಬಗ್ಗೆ. ಅದಕ್ಕೆ ಉತ್ತರ ಸೊನ್ನೆಯಲ್ಲದಿದ್ದರೆ, ಒಟ್ಟು ಅಂಕ ಎಷ್ಟೇ ಕಡಿಮೆಯಿರಲಿ, ರೋಗಿಯನ್ನು ಒಂಟಿಯಾಗಿ ಬಿಡದೆ ತಕ್ಷಣ ವೈದ್ಯರನ್ನು ಕರೆಸಿ. ಮನೆಗೆ ಕಳಿಸುವಾಗ ಟೆಲಿ-ಮಾನಸ್ ಸಹಾಯವಾಣಿ 14416 ಅನ್ನು ಚೀಟಿಯಲ್ಲಿ ಬರೆದುಕೊಡಿ. ಕನ್ನಡದಲ್ಲೇ ಮಾತಾಡಬಹುದು, ಹಗಲೂ ರಾತ್ರಿಯೂ ಸಿಗುತ್ತದೆ.

ಮಾಡಬಾರದ್ದು

1. ಹಿಂದಿನ ಭೇಟಿಯ ಅಂಕವನ್ನು ಕಾಪಿ ಮಾಡಿ ಅಂಟಿಸಬೇಡಿ.

2. ಕೇಳದೆ ಬಿಟ್ಟ ಜಾಗಕ್ಕೆ 0 ತುಂಬಬೇಡಿ. ಸೊನ್ನೆಯೆಂದರೆ ‘ನನಗೆ ಕಷ್ಟವಿಲ್ಲ’ ಎಂದು ರೋಗಿ ಕೊಟ್ಟ ಉತ್ತರ. ‘ಕೇಳಿಲ್ಲ’, ‘ಉತ್ತರಿಸಲು ಒಪ್ಪಲಿಲ್ಲ’ ಎಂಬುದನ್ನು ಬೇರೆಯಾಗಿಯೇ ಗುರುತಿಸಿ. ಒಪ್ಪದವರನ್ನು ಒತ್ತಾಯಿಸಬೇಡಿ.

3. ಅಂಕ ನೋಡಿ ‘ಡಿಪ್ರೆಷನ್’ ಎಂದು ಷರಾ ಬರೆಯಬೇಡಿ. ಸುಸ್ತು, ನಿದ್ದೆಗೇಡು, ಹಸಿವಿಲ್ಲದಿರುವುದು ಕೀಮೋದಿಂದಲೂ ಬರುತ್ತವೆ. ಪಿಎಚ್‌ಕ್ಯು-9ರ ಅಂಕ ಅವುಗಳಿಂದಲೂ ಏರುತ್ತದೆ. ಅದು ಖಿನ್ನತೆಯೋ ಅಲ್ಲವೋ ಎಂದು ತೀರ್ಮಾನಿಸುವುದು ವೈದ್ಯರ ಕೆಲಸ.

4. ಅಂಕವನ್ನು ಎಸ್‌ಎಂಎಸ್ ಅಥವಾ ವಾಟ್ಸಾಪ್‌ನಲ್ಲಿ ಕಳಿಸಬೇಡಿ. ನೋಂದಣಿಯಲ್ಲಿರುವ ಮೊಬೈಲ್ ನಂಬರು ಎಷ್ಟೋ ಸಲ ಮಗನದೋ ಅಳಿಯನದೋ ಆಗಿರುತ್ತದೆ.

5. ಚಿಕಿತ್ಸೆಗೆ ಸಂಬಂಧಪಡದವರು ಈ ತಪಾಸಣೆಯ ಪುಟ ತೆರೆಯಬೇಡಿ, ಬಿಲ್ಲಿಂಗ್ ಕೌಂಟರ್ ಸಿಬ್ಬಂದಿಯೂ ಸೇರಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಗೋಪ್ಯತೆಯ ನಿಯಮ ಕಂಪ್ಯೂಟರಿನಲ್ಲಿರುವ ಮಾಹಿತಿಗೂ ಅನ್ವಯಿಸುತ್ತದೆ. ಲಾಗಿನ್ ತೆರೆದಿಟ್ಟು ಎದ್ದು ಹೋಗಬೇಡಿ, ಪಾಸ್‌ವರ್ಡ್ ಹಂಚಿಕೊಳ್ಳಬೇಡಿ.

6. ‘ಅವರಿಗೆ ಕಾಯಿಲೆ ಹೆಸರು ಹೇಳಿಲ್ಲ ಸಿಸ್ಟರ್’ ಎಂದು ಮನೆಯವರು ಅಂದರೆಂದು ತಪಾಸಣೆ ಕೈಬಿಡಬೇಡಿ. ಕಾಯಿಲೆಯ ಹೆಸರೆತ್ತದೆಯೂ ಮನಸ್ಸಿನ ಕಷ್ಟ ಕೇಳಬಹುದು. ವಿಷಯ ಮುಚ್ಚಿಟ್ಟಿರುವುದನ್ನು ಚಿಕಿತ್ಸೆ ಕೊಡುವ ವೈದ್ಯರ ಗಮನಕ್ಕೆ ತನ್ನಿ.

7. ‘ಧೈರ್ಯವಾಗಿರಿ, ಎಲ್ಲ ಸರಿಹೋಗುತ್ತೆ’ ಎಂದು ಹೇಳಿ ಎಚ್ಚರಿಕೆ ಸಂದೇಶವನ್ನು ಮುಚ್ಚಬೇಡಿ.

8. ಎಚ್ಚರಿಕೆ ನೋಡುವವರು ಇಲ್ಲದ ದಿನ ತಪಾಸಣೆ ನಡೆಸಬೇಡಿ. ಕಷ್ಟ ಹೇಳಿಕೊಂಡವರನ್ನು ಯಾರೂ ವಿಚಾರಿಸದಿದ್ದರೆ ಮುಂದಿನ ಸಲ ಅವರು ಬಾಯಿ ಬಿಡುವುದಿಲ್ಲ. ಆದ್ದರಿಂದ ರಜೆ ಹಾಕುವವರು ಬದಲಿಯವರ ಹೆಸರನ್ನು ಹಿಂದಿನ ದಿನವೇ ಡ್ಯೂಟಿ ಪಟ್ಟಿಯಲ್ಲಿ ಬರೆಸತಕ್ಕದ್ದು.